ಕೊಯ್ದು ಗಿಡ್ಡ ಮಾಡಿದ ದೋಣಿ

ವಿದ್ಯಾರಣ್ಯಪುರಂನ ಆ ಗುಜರಿ ಅಂಗಡಿಗೆ ನಾನು ಹೋದದ್ದು ದೋಣಿ ಹುಡುಕಿಕೊಂಡಲ್ಲ, ದೂರು ಹೇಳಲು. ತಾಮ್ರ ತೆಗೆಯುವುದಕ್ಕಾಗಿ ಅಲ್ಲಿ ಹಳೆಯ ವಿದ್ಯುತ್ ತಂತಿಗಳನ್ನು ಸುಡುತ್ತಿದ್ದರು. ಆ ಹೊಗೆ ಪಕ್ಕದ ಅಂಗನವಾಡಿಯ ಕಿಟಕಿಗೆ ನೇರವಾಗಿ ನುಗ್ಗುತ್ತಿತ್ತು. ಇಂಥ ಕೆಲಸಗಳಿಗೆ ಹಿಂದೆ ನಾವು ಹನ್ನೊಂದು ಜನ ಒಟ್ಟಿಗೆ ಹೋಗುತ್ತಿದ್ದೆವು. ಈಗ ನಾನೊಬ್ಬಳೇ. ಕೆಲವರು ತೀರಿಕೊಂಡರು, ಕೆಲವರನ್ನು ಮಂಡಿನೋವು ಮನೆಯಲ್ಲಿ ಕೂರಿಸಿತು, ಇಬ್ಬರು ನನ್ನ ಮಾತಿಗೆ ಬೇಸತ್ತು ದೂರವಾದರು. ಈ ಕೊನೆಯ ಸಂಗತಿಯನ್ನು ಬಿಟ್ಟು ಬರೆದರೆ ಬರಹ ಪ್ರಾಮಾಣಿಕವಾಗದು.

ಅಂಗಡಿಯ ಯಜಮಾನರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, "ಇನ್ಮೇಲೆ ಸುಡಾಕಿಲ್ಲ ಬುಡಿ ಮೇಡಂ" ಎಂದರು. ಆ ಭರವಸೆಯನ್ನು ಅವರು ನನಗೆ ಕೊಟ್ಟದ್ದು ಅದು ಮೂರನೆಯ ಸಲ. ಅವರ ಬೆನ್ನ ಹಿಂದೆ, ಖಾಲಿ ಬಾಟಲಿಗಳನ್ನು ತುಂಬಿಕೊಂಡು, ಒಂದು ದೋಣಿಯ ಒಡಲು ಬಿದ್ದಿತ್ತು. ಹತ್ತಡಿಯಷ್ಟು ಉದ್ದ. ಹುಟ್ಟಿಲ್ಲ, ಕೂರುವ ಹಲಗೆಯಿಲ್ಲ, ಎಲ್ಲಿಯೂ ಒಂದು ಹೆಸರಿಲ್ಲ. ಹೊರಮೈಯ ಮೇಲೆ ಪದರ ಪದರವಾಗಿ ಒಣಗಿದ ಡಾಂಬರು. ಬಿದಿರಿನ ತೆಪ್ಪಗಳೇ ಹೆಚ್ಚಾಗಿರುವ ನಮ್ಮ ಸೀಮೆಯಲ್ಲಿ, ಹಲಗೆ ಜೋಡಿಸಿ ಕಟ್ಟಿದ ದೋಣಿ ಊರ ನಡುವಿನ ಗುಜರಿಗೆ ಹೇಗೆ ಬಂತು?

"ಇದರ ಮೂಲ ಯಾವುದು?" ಎಂದು ಕೇಳಿದೆ.

ಅವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. "ಅದೆಲ್ಲ ನಂಗೊತ್ತಿಲ್ಲ ಮೇಡಂ. ಸೋಮವಾರ ಸೌದೆಗೆ ಹೋಯ್ತದೆ."

ನಾನು ಓದಿದ ಶಾಲೆಯಲ್ಲಿ ಬಹುಮಾನಗಳಿರಲಿಲ್ಲ, ಬೆತ್ತವಿರಲಿಲ್ಲ. ಪ್ರತಿ ಶುಕ್ರವಾರ ಮಕ್ಕಳೆಲ್ಲ ದುಂಡಗೆ ಕುಳಿತು ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಿತ್ತು: ಈ ವಾರ ನೀನು ಕಂಡ ಅನ್ಯಾಯ ಯಾವುದು? ಅದರಲ್ಲಿ ನಿನ್ನ ಪಾಲು ಏನು? ಮೊದಲನೆಯದಕ್ಕೆ ನನ್ನ ಬಳಿ ಸದಾ ಉತ್ತರವಿರುತ್ತಿತ್ತು. ಎರಡನೆಯದಕ್ಕೆ "ಏನೂ ಇಲ್ಲ" ಎಂದು ಹೇಳಿ ಕೂರುತ್ತಿದ್ದೆ. ವಾರಸುದಾರರಿಲ್ಲದ ವಸ್ತು ಕಂಡಾಗಲೆಲ್ಲ ಅದನ್ನು ಯಾರಿಂದಲೋ ಕಿತ್ತುಕೊಳ್ಳಲಾಗಿದೆ ಎಂದೇ ನನ್ನ ಮನಸ್ಸು ಹೇಳುವುದು ಆ ಶುಕ್ರವಾರಗಳ ಫಲ. ಈ ದೋಣಿ ಯಾರದ್ದೆಂದು ತಿಳಿಯಬೇಕು, ದುರಸ್ತಿ ಮಾಡಿ ಅವರಿಗೇ ಮರಳಿಸಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಯಾರನ್ನಾದರೂ ಹುಡುಕುವ ಕೆಲಸ ನನಗೆ ಬೇಕಾಗಿತ್ತು ಎಂಬುದೂ ಸುಳ್ಳಲ್ಲ. ಆ ತಿಂಗಳು ನನ್ನ ಮನೆಯ ಕರೆಗಂಟೆ ಒತ್ತಿದವರು ಗ್ಯಾಸ್ ಸಿಲಿಂಡರಿನವರು ಮಾತ್ರ.

ದೋಣಿ ಕೃಷ್ಣಮೂರ್ತಿಪುರಂನ ನನ್ನ ಮನೆಯ ಪಕ್ಕದ ಇಕ್ಕಟ್ಟು ಜಾಗಕ್ಕೆ ಬಂತು. ಇಟ್ಟಿಗೆಗಳ ಮೇಲೆ ಬೋರಲಾಗಿ ಮಲಗಿಸಿದೆವು. ಎದುರುಮನೆಯವರು ಗೇಟಿನಾಚೆಯಿಂದಲೇ, "ಈ ಸಲ ಮಳೆ ಬಂದು ರೋಡೆಲ್ಲಾ ತುಂಬಿದ್ರೆ ನಮ್ಮನ್ನೂ ಹತ್ತಿಸ್ಕೊಳ್ಳಿ ಮೇಡಂ" ಎಂದು ನಕ್ಕರು. ಚರಂಡಿಗಳ ಮೇಲೆ ಚಪ್ಪಡಿ ಹಾಕಿ ಕಾರು ನಿಲ್ಲಿಸುವವರೇ ರಸ್ತೆ ತುಂಬುವುದಕ್ಕೆ ಕಾರಣ ಎಂದು ನಾನು ವಿವರಿಸತೊಡಗಿದೆ. ಅವರು ಹಾಲು ಉಕ್ಕುತ್ತದೆಂದು ಒಳಗೆ ಹೋದರು.

ದುರಸ್ತಿಗೆ ಒಪ್ಪಿದವರು ಬಾಗಿಲು ಕಿಟಕಿ ಮಾಡುವ ಒಬ್ಬ ಹಿರಿಯ ಬಡಗಿ. ನಾನು ಅವರನ್ನು ಆಚಾರ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮಾ ಎನ್ನುತ್ತಿದ್ದರು. "ದೋಣಿ ಕೆಲ್ಸ ನಾನು ಮಾಡಿದ್ದೇ ಇಲ್ಲ ಕಣಮ್ಮ. ಆದ್ರೆ ಮರ ಮರಾನೇ, ಮಾತು ಕೇಳ್ತದೆ" ಎಂದು ಮೊದಲ ದಿನವೇ ಹೇಳಿಬಿಟ್ಟರು. ವಾರಕ್ಕೆರಡು ಬೆಳಿಗ್ಗೆ ಬರುತ್ತಿದ್ದರು. ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಿ, ರಾಳವನ್ನು ಹೊಂಗೆ ಎಣ್ಣೆಯಲ್ಲಿ ಕಾಯಿಸಿ ಸುರಿಯುವುದು ಅವರೇ ಯೋಚಿಸಿ ಕಂಡುಕೊಂಡ ಉಪಾಯ. ಡಾಂಬರು ಕೆರೆಯುವುದು ನನ್ನ ಪಾಲಿನ ಕೆಲಸ. ಅವರು ಬರುವ ದಿನಗಳಲ್ಲಿ ನಾನು ಎರಡು ಲೋಟ ಕಾಫಿ ಮಾಡುತ್ತಿದ್ದೆ. ಉಳಿದ ದಿನಗಳಲ್ಲಿಯೂ ಅಭ್ಯಾಸಬಲದಿಂದ ಎರಡು ಲೋಟ ತೊಳೆದಿಡುತ್ತಿದ್ದೆ.

ದೋಣಿಯ ಹುಟ್ಟೂರಿನ ಬಗ್ಗೆ ನಾನು ಬೇಗನೆ ಒಂದು ತೀರ್ಮಾನಕ್ಕೆ ಬಂದಿದ್ದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಯಾವುದೋ ಹಳ್ಳಿಯದು, ಒಕ್ಕಲೆಬ್ಬಿಸಲ್ಪಟ್ಟವರು ಬಿಟ್ಟುಹೋದದ್ದು. ಸಾಕ್ಷಿಯಿರಲಿಲ್ಲ, ಆದರೆ ಅನ್ಯಾಯ ನಿಜವಾಗಿತ್ತು. ನನಗೆ ಅಷ್ಟೇ ಸಾಕಾಯಿತು. ಮೂರು ಕಚೇರಿಗಳಿಗೆ ವಿಚಾರಣೆಯ ಪತ್ರ ಬರೆದೆ. ಎರಡರಿಂದ ಉತ್ತರ ಬರಲಿಲ್ಲ. ಮೂರನೆಯದು ನನ್ನ ಪತ್ರ ತಮ್ಮ ಶಾಖೆಗೆ ಸಂಬಂಧಪಟ್ಟದ್ದಲ್ಲವೆಂದು ತಿಳಿಸಿತು, ಸಂಬಂಧಪಟ್ಟ ಶಾಖೆ ಯಾವುದೆಂದು ತಿಳಿಸಲಿಲ್ಲ.

ಆಚಾರ್ರು ಒಂದು ಬೆಳಿಗ್ಗೆ ದೋಣಿಯ ನಡುಭಾಗದಲ್ಲಿ ಬೆರಳಾಡಿಸುತ್ತ ನಿಂತರು. "ಅಮ್ಮಾ, ಇಲ್ನೋಡಿ. ಇದು ಇಷ್ಟುದ್ದದ್ದಲ್ಲ. ಮಧ್ಯ ಕುಯ್ದು, ಒಂದು ತುಂಡು ತೆಗ್ದು, ಎರಡೂ ತುದಿ ಸೇರ್ಸವ್ರೆ. ಗಿಡ್ಡ ಮಾಡಿರೋ ದೋಣಿ ಇದು."

"ಹೊಳೆಯ ದೋಣಿಯೇ ಅಲ್ಲವೆ?"

"ಹುಟ್ಟಿದ್ದು ಹೊಳೇಲಿ ಇರ್ಬೋದು. ಹೊಳೆ ದಾಟ್ಸೋನು ಯಾಕೆ ಗಿಡ್ಡ ಮಾಡ್ತಾನೆ? ಜನ ಕಮ್ಮಿ ಕೂರ್ತಾರೆ. ಇದನ್ನ ಒಬ್ನೇ ಬುಟ್ಕೊಂಡು ಹೋಗೋಕೆ ಮಾಡವ್ನೆ. ಎಲ್ಲೋ ಸಣ್ಣ ನೀರಿಗೆ."

ಸಣ್ಣ ನೀರು ಎಂದರೆ ಕೆರೆ. ಆಗಲೂ ನನಗೆ ಹೊಳೆಯಲಿಲ್ಲ.

ನಾಲ್ಕು ದಿನಗಳ ನಂತರ, ಆಚಾರ್ರು ಬಾರದ ದಿನ, ತಳದಲ್ಲಿ ಒಂದು ತಗಡಿನ ತೇಪೆ ಸಿಕ್ಕಿತು. ಒಂದು ಮೊಳ ಉದ್ದ, ಗೇಣು ಮಿಕ್ಕಿ ಅಗಲ. ಅಂಚಿನ ಸುತ್ತ ಸಣ್ಣ ಮೊಳೆಗಳು, ಅಳತೆ ಇಟ್ಟು ಹೊಡೆದಂತೆ ಒಂದೇ ಅಂತರದಲ್ಲಿ. ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿ, ತಗಡನ್ನು ಬಿಡಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಮರಕ್ಕೆ ಅಂಟಿಕೊಂಡಿದ್ದ ಮಗ್ಗುಲಿನಲ್ಲಿ ನೀಲಿ ಅಕ್ಷರಗಳು ಮೂಡಿದವು. ಮೇಲಿನ ಸಾಲಿನಲ್ಲಿ "ಕೆರೆಯನ್ನು ಉಳಿ". ಕೆಳಗೆ "ದೋಣಿ, ಬಲೆ, ಮೀ". ಅದರ ಕೆಳಗೆ "ಷೇಧಿಸಲಾಗಿ".

"ಉ" ಅಕ್ಷರದ ಬಾಲವನ್ನು ಅನವಶ್ಯಕವಾಗಿ ಸುತ್ತಿ ಬರೆಯುವವರು ಈ ಊರಿನಲ್ಲಿ ಬೇರೆ ಯಾರಾದರೂ ಇದ್ದಾರೇನೋ ತಿಳಿಯದು. ನಾನು ಬರೆಯುತ್ತೇನೆ. ಆ ಫಲಕವನ್ನು ಬರೆದದ್ದು ನಾನು.

ಮೂವತ್ತು ವರ್ಷಗಳ ಕೆಳಗಿನ ಮಾತು. ನಗರದಂಚಿನ ಆ ಕೆರೆಯನ್ನು ಬಡಾವಣೆ ಮಾಡುವವರಿಂದ ನಾವು ಹನ್ನೊಂದು ಜನ ಉಳಿಸಿದೆವು. ಅದು ನಿಜ, ಅದಕ್ಕಾಗಿ ನಾನು ಈಗಲೂ ಹೆಮ್ಮೆಪಡುತ್ತೇನೆ. ಆದರೆ ಉಳಿಸುವ ಹುಮ್ಮಸ್ಸಿನಲ್ಲಿ, ನೀರು ಶುದ್ಧವಾಗಿರಬೇಕೆಂದು, ದೋಣಿಯನ್ನೂ ಬಲೆಯನ್ನೂ ನಿಷೇಧಿಸುವಂತೆ ಅರ್ಜಿ ಕೊಟ್ಟವರೂ ನಾವೇ. ಕೆರೆಗೆ ಕೊಳಕು ತರುತ್ತಿದ್ದುದು ಬಲೆಯಲ್ಲ, ನಮ್ಮಂಥವರ ಬಡಾವಣೆಗಳ ಚರಂಡಿ. ಚರಂಡಿಯ ಹಿಂದೆ ಇಲಾಖೆಗಳಿದ್ದವು, ಮತ ಹಾಕುವ ಸಾವಿರ ಮನೆಗಳಿದ್ದವು. ಬಲೆಯ ಹಿಂದೆ ಒಬ್ಬ ಮನುಷ್ಯನಿದ್ದ. ನಿಷೇಧದ ಆದೇಶ ಒಂದೇ ತಿಂಗಳಲ್ಲಿ ಬಂತು. ಚರಂಡಿ ಇಂದಿಗೂ ಹರಿಯುತ್ತಿದೆ.

ಫಲಕ ನೆಟ್ಟ ದಿನ ಆ ಮನುಷ್ಯ ಹೆಗಲ ಮೇಲೆ ಒದ್ದೆ ಬಲೆ ಹಾಕಿಕೊಂಡು ಬಂದು ನಿಂತಿದ್ದರು. "ಏನು ಬರ್ದಿದ್ದೀರಿ ಅವ್ವಾ? ನಂಗೆ ಓದಾಕ್ ಬರಾಕಿಲ್ಲ." ನಾನು ಓದಿ ಹೇಳಿದೆ. ಒಂದೊಂದು ಪದವನ್ನೂ ಬಿಡಿಸಿ, ಆಗ ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಓದುವಂತೆ. ಅವರು ಸ್ವಲ್ಪ ಹೊತ್ತು ಫಲಕವನ್ನೇ ನೋಡಿ, "ಅಕ್ಸರ ಚೆಂದಾಗವೆ" ಎಂದು ಹೇಳಿ ಹೋದರು. ಕೆಲವು ವಾರಗಳಲ್ಲಿ ಫಲಕ ಕಾಣೆಯಾಯಿತು. ಕಿಡಿಗೇಡಿಗಳ ಕೃತ್ಯ ಎಂದು ನಾನೇ ಪೊಲೀಸರಿಗೆ ದೂರು ಬರೆದುಕೊಟ್ಟಿದ್ದೆ.

ಇದನ್ನು ಹೇಳಿಕೊಳ್ಳಬಹುದಾದ ಹತ್ತು ಜನರನ್ನು ಒಬ್ಬೊಬ್ಬರಾಗಿ ನೆನೆದೆ. ಒಬ್ಬರ ಸಂಖ್ಯೆಗೆ ಫೋನ್ ಮಾಡಿಯೂ ನೋಡಿದೆ. ಆ ಸಂಖ್ಯೆ ಬಳಕೆಯಲ್ಲಿಲ್ಲ ಎಂದು ಯಂತ್ರ ಹೇಳಿತು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.

ಮರುದಿನ ಗುಜರಿಗೆ ಹೋಗಿ, ಈ ಸಲ ಬೇರೆ ರೀತಿಯಲ್ಲಿ ಕೇಳಿದೆ. "ಆ ದೋಣೀನ ನಿಮಗೆ ಯಾರು ತಂದು ಕೊಟ್ಟರು?"

"ಆ ಹೆಬ್ಬಾಳದ ಫ್ಯಾಕ್ಟ್ರಿಗೆ ಹೋಗೋ ಆಯಮ್ಮ. ದಿನಾ ಈ ಸ್ಟಾಪಲ್ಲೇ ಬಸ್ ಹತ್ತೋದು. ಅವ್ರಪ್ಪಂದಂತೆ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ನೀವೆಲ್ಲಿ ಕೇಳಿದ್ರಿ ಮೇಡಂ? ಮೂಲ ಅಂದ್ರಿ. ಮೂಲ ಅಂದ್ರೆ ನಂಗೆ ಬೇರೆ ಕಾಯ್ಲೇನೇ ಗ್ಯಾಪ್ಕ ಬರೋದು."

ಅವರ ಜೊತೆ ನಾನೂ ನಕ್ಕೆ. ಬಹಳ ದಿನಗಳ ಮೇಲೆ ನಕ್ಕಿದ್ದರಿಂದ ಕೆಮ್ಮು ಬಂತು.

ಆಕೆಯನ್ನು ಬಸ್ ಸ್ಟಾಪಿನಲ್ಲಿ ಕಂಡು, ದೋಣಿ ನನ್ನ ಮನೆಯಲ್ಲಿದೆ ಎಂದು ಹೇಳಿದೆ. ವಾರದ ರಜೆಯ ದಿನ ಮನೆಗೆ ಬಂದರು. ವಯಸ್ಸು ನಲವತ್ತರ ಮೇಲೆ, ಕೈಯಲ್ಲಿ ಊಟದ ಡಬ್ಬಿಯ ಚೀಲ. ರಜೆಯ ದಿನವೂ ಅದು ಅವರನ್ನು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಆಚಾರ್ರು ತೂತಿಗೆ ಹೊಸ ಹಲಗೆ ಕೂರಿಸಿ, ದೋಣಿಯನ್ನು ಮಗುಚಿ ನೆಟ್ಟಗೆ ನಿಲ್ಲಿಸಿದ್ದರು. ಆಕೆ ಒಂದು ಸುತ್ತು ಬಂದು, ಚಪ್ಪಲಿ ಕಳಚಿ, ಕೇಳದೆಯೇ ಒಳಗೆ ಹತ್ತಿ ಹಿಂಬದಿಯ ಮೂಲೆಯಲ್ಲಿ ಕುಳಿತರು.

"ನನ್ ಜಾಗ ಇದೇ. ಡಾಲ್ಡಾ ಡಬ್ಬೀಲಿ ನೀರು ಮೊಗ್ದು ಮೊಗ್ದು ಆಚೆ ಹಾಕ್ಬೇಕಿತ್ತು. ನಮ್ಮ ತಾತ ಹೊಳೇಲಿ ಜನ ದಾಟಿಸ್ತಿದ್ರು. ಸೇತುವೆ ಬಂತು, ದೋಣಿ ಸುಮ್ಕೆ ಬಿತ್ತು. ಅಪ್ಪ ಮಧ್ಯ ಕುಯ್ದು, ಲಾರೀಲಿ ಹಾಕ್ಕೊಂಡು ಕೆರೆಗೆ ತಂದ್ರು."

ನಾನು ಹೇಳಬೇಕಾದದ್ದನ್ನು ಹೇಳಿದೆ: ಅರ್ಜಿ ನನ್ನದು, ಫಲಕ ನನ್ನದು, ದೂರೂ ನನ್ನದು. ಮೂರು ದಿನ ಅಭ್ಯಾಸ ಮಾಡಿದ್ದ ವಾಕ್ಯಗಳು. ದೋಣಿ ನಿಮ್ಮದು, ದಯವಿಟ್ಟು ತೆಗೆದುಕೊಂಡು ಹೋಗಿ ಎಂದೂ ಹೇಳಿದೆ.

ಆಕೆ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಎಲ್ಲಿ ಮಡಗ್ಲಿ ಮೇಡಂ? ಎರಡ್ನೇ ಮಾಡೀಲಿ ಒಂದ್ ರೂಮು ನಮ್ದು. ಅದ್ಕೇ ಅಲ್ವಾ ಗುಜ್ರಿಗೆ ಹಾಕಿದ್ದು? ದೋಣಿ ಮಡಗಿದ್ದ ಶೆಡ್ ಒಡೆದ್ರಲ್ಲ, ಆಗ." ಆಮೇಲೆ ಹೇಳಿದರು, "ನೀವು ಬೋರ್ಡ್ ಹಾಕಿದ್ಮೇಲೂ ಎರಡು ವರ್ಷ ಬೆಳಕು ಹರಿಯೋಕೆ ಮುಂಚೆ ಹೋಗ್ತಿದ್ರು ಅಪ್ಪ. ಕದ್ದು. ನೀರಲ್ಲೇ ಹುಟ್ಟಿದೋನು ಕಳ್ಳನ ತರ ಹೋಗ್ಬೇಕಾ ಅಂತ ಅಮ್ಮ ಅಳೋರು. ಆ ತಗಡಿಗೆ ಮಾತ್ರ ಅಪ್ಪ ಭೇಷ್ ಅನ್ನೋರು. ಟೀಚರಮ್ಮನ ಬೋರ್ಡು ಒಂದ್ ತೊಟ್ಟು ನೀರು ಬುಡಾಕಿಲ್ಲ ಅಂತ. ಎಲ್ಲದೆ ಅದು?"

ತಗಡನ್ನು ಒಳಗಿನಿಂದ ತಂದುಕೊಟ್ಟೆ. ಆಕೆ ಅಕ್ಷರಗಳನ್ನು ನೋಡಲಿಲ್ಲ. ಅಂಚಿನ ಮೊಳೆ ತೂತುಗಳ ಮೇಲೆ ಬೆರಳು ಇಟ್ಟು, ಒಂದೊಂದನ್ನೂ ಮುಟ್ಟುತ್ತ ಸುತ್ತು ಬಂದರು. "ಇದು ಬಸ್ಸಲ್ಲಿ ಹಿಡೀತದೆ. ತಗೊಂಡೋಗ್ಲಾ?"

ಕಾಫಿ ಮಾಡುತ್ತೇನೆ ಎಂದೆ. ಬಟ್ಟೆ ನೆನೆಹಾಕಿ ಬಂದಿದ್ದೇನೆ ಎಂದರು. ಕೆರೆಯ ಆದೇಶವನ್ನು ಬದಲಿಸುವಂತೆ ಅರ್ಜಿ ಬರೆಯುತ್ತೇನೆ, ಸಹಿ ಹಾಕುತ್ತೀರಾ ಎಂದು ಕೇಳಿದೆ. "ಈಗ ಅಲ್ಲಿ ಯಾರು ಮೀನು ಹಿಡೀತಾರೆ ಬುಡಿ ಮೇಡಂ" ಎಂದು, ಗೇಟಿನ ಬಳಿ ತಿರುಗಿ ನಿಂತು, "ದೋಣಿಗೆ ನೀರು ತುಂಬಿ ಮಡಗಿ. ಒಣಗಿದ್ರೆ ಸಂದು ಬಿಡ್ತದೆ" ಎಂದರು. ತಗಡನ್ನು ಕಂಕುಳಲ್ಲಿ ಅವುಚಿಕೊಂಡು, ಅಕ್ಷರಗಳನ್ನು ಒಳಮಗ್ಗುಲಿಗೆ ಮಾಡಿಕೊಂಡು ಹೋದರು.

ಆ ಸಂಜೆ ಅರ್ಜಿ ಬರೆದೆ. ಕೊನೆಯಲ್ಲಿ ಸಹಿಗಳಿಗಾಗಿ ಹನ್ನೊಂದು ಗೆರೆ ಎಳೆಯುವುದು ನನ್ನ ಹಳೆಯ ರೂಢಿ. ಒಂದೇ ಎಳೆದೆ. ಉತ್ತರ ಇನ್ನೂ ಬಂದಿಲ್ಲ. ಆಚಾರ್ರ ಕೆಲಸ ಮುಗಿದಿದೆ, ಅವರೂ ಬರುವುದಿಲ್ಲ. ದಿನವೂ ಬೆಳಿಗ್ಗೆ ಹಿಂದಿನ ದಿನದ ನೀರನ್ನು ಮೊಗೆದು ಹೊರಹಾಕಿ, ನಾಲ್ಕು ಬಕೆಟ್ ಹೊಸ ನೀರನ್ನು ದೋಣಿಯೊಳಕ್ಕೆ ಸುರಿಯುತ್ತೇನೆ. ಇಳಿಸುವುದಕ್ಕೆ ಒಂದು ಕೆರೆಯಿಲ್ಲದ ದೋಣಿ, ಒಂದು ಹನಿಯನ್ನೂ ಹೊರಗೆ ಬಿಡದೆ, ಆ ನೀರನ್ನು ಹಿಡಿದುಕೊಂಡಿರುತ್ತದೆ. ಕಾಗೆಗಳು ಬಂದು ಕುಡಿದು ಹೋಗುತ್ತವೆ.