ಮೂರನೇ ನಂಬರಿನ ಕಂಪ್ಯೂಟರು

ನಿಪ್ಪಾಣಿಯ ಇಂಟರ್ನೆಟ್ ಅಂಗಡಿಯಲ್ಲಿ ಮೂರನೇ ನಂಬರಿನ ಕಂಪ್ಯೂಟರಿನ ಮುಂದೆ ಬೇರೆ ಯಾರಾದರೂ ಕೂತಿದ್ದರೆ ನನಗೆ ಮೈ ಉರಿಯುತ್ತಿತ್ತು. ನಮ್ಮ ಟಪಾಲು ಅದರೊಳಗಿದೆ, ಇವನ್ಯಾವನು ಅಂತ! (ನಗಬೇಡಿ. ನಿಮ್ಮಲ್ಲೂ ಕೆಲವರು ಹಾಗೇ ತಿಳಿದಿರುತ್ತೀರಿ.)

ಸಂಗತಿ ಇಷ್ಟು. ನನ್ನ ತಂಗಿ ಸುನಂದಾ ಬಿ.ಎಸ್ಸಿ. ಮುಗಿಸಿ ವಿಜಾಪುರದ ಒಂದು ಕಾಲೇಜಿನ ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಇಮೇಲ್ ಇದ್ದವರು ಬರೆಯಿರಿ, ಇಂಟರ್‌ವ್ಯೂ ದಿನ ಅದರಲ್ಲೇ ತಿಳಿಸುತ್ತೇವೆ ಅಂತ ಅರ್ಜಿಯಲ್ಲಿತ್ತು. ನಮ್ಮ ಅಥಣಿಯಲ್ಲಿ ಆಗ ಇಂಟರ್ನೆಟ್ ಎಲ್ಲಿತ್ತು? ತಂಬಾಕಿನ ವ್ಯಾಪಾರಕ್ಕೆ ವಾರಕ್ಕೊಮ್ಮೆ ನಿಪ್ಪಾಣಿಗೆ ಹೋಗುವವನು ನಾನು. ಅಲ್ಲೇ ಆಕೆಯ ಹೆಸರಿನಲ್ಲಿ ಇಮೇಲ್ ಮಾಡಿಸಿದೆ. ಪಾಸ್‌ವರ್ಡ್ ಬರೆದ ಚೀಟಿ ನನ್ನ ಕಿಸೆಯಲ್ಲೇ ಇಟ್ಟುಕೊಂಡೆ. ಸುನಂದಾ ಎರಡು ಸಲ ಕೇಳಿದಳು. ನಿನಗ್ಯಾಕ ಅದು, ನಾ ನೋಡ್ಕೊಂಡ ಬರ್ತೀನಿ ಅಂದೆ. ಅಣ್ಣ ಅಂದಮೇಲೆ ಅಷ್ಟು ದೌಲತ್ತು ಬೇಡವೇ?

ಪ್ರತಿ ವಾರ ಮೂರನೇ ನಂಬರಿಗೇ ಕೂಡುತ್ತಿದ್ದೆ. ರವಿವಾರ ಇದನ್ನ ಬಂದ್ ಮಾಡಬ್ಯಾಡ್ರಿ, ಟಪಾಲು ಬಂದು ಹೊಳ್ಳಿ ಹೋದೀತು ಅಂತ ಮಾಲಕರಿಗೆ ವಿನಂತಿ ಬೇರೆ ಮಾಡಿದ್ದೆ. ಅವರು ಸುಮ್ಮನೆ ತಲೆಯಾಡಿಸಿದರು. ಕಾಯಂ ಗಿರಾಕಿಯನ್ನು ಯಾರು ಕಳೆದುಕೊಳ್ಳುತ್ತಾರೆ?

ಹೋದ ತಿಂಗಳು ಕೃಷ್ಣೆ ತುಂಬಿ ಬಂತು. ಸೇತುವೆ ಮೇಲೆ ನೀರು, ನಿಪ್ಪಾಣಿ ಬಸ್ಸು ಬಂದ್. ಎರಡು ವಾರ ನಾನು ಮನೆಯಲ್ಲೇ ಚಡಪಡಿಸಿದೆ. ಸುನಂದಾ ಊರಲ್ಲಿ ವಿಚಾರಿಸಿಕೊಂಡು ಬಂದಳು. ಇಲ್ಲಿಯ ಕಂಪ್ಯೂಟರ್ ಕ್ಲಾಸಿಗೆ ಇಂಟರ್ನೆಟ್ ಬಂದು ತಿಂಗಳಾಗಿದೆಯಂತೆ, ನಡಿ ಅಂದಳು. ಟಪಾಲು ನಿಪ್ಪಾಣಿಯಲ್ಲಿ ಬಿದ್ದಿರುವಾಗ ಇಲ್ಲೇನು ಮಣ್ಣು ಸಿಗುತ್ತದೆ ಅಂತ ಗೊಣಗುತ್ತಲೇ ಹೋದೆ.

ಕ್ಲಾಸಿನ ಮೇಡಂ ಒಂದೇ ಮಾತಿನಲ್ಲಿ ನನ್ನ ನೀರಿಳಿಸಿದರು. "ನಿಪ್ಪಾಣಿ ಕಂಪ್ಯೂಟರಿನಾಗ ನಿಮ್ಮ ಟಪಾಲ ಇಲ್ರಿ. ಅದು ನೋಡೂ ಕಿಡಕಿ ಅಷ್ಟ."

ಟಪಾಲು ಇರುವುದು ಸರ್ವರ್ ಎಂಬ ದೊಡ್ಡ ಯಂತ್ರದಲ್ಲಂತೆ. ಅದೆಲ್ಲೋ ದೂರದಲ್ಲಿ ಸದಾ ಚಾಲೂ ಇರುತ್ತದೆ. (ರವಿವಾರವೂ!) ವಿಳಾಸದ ನಡುವಿನ ಸುರುಳಿ ಗುರುತಿನ ಎಡಕ್ಕಿರುವುದು ನಮ್ಮ ಹೆಸರು, ಬಲಕ್ಕಿರುವುದು ನಮ್ಮ ಪತ್ರ ಇಟ್ಟುಕೊಳ್ಳುವವರ ಹೆಸರು. ಕಳಿಸಿದವರ ಸರ್ವರು ಅದನ್ನು ನೋಡಿ ಅಲ್ಲಿಗೆ ಪತ್ರ ಮುಟ್ಟಿಸುತ್ತದೆ. ಹೆಸರು, ಪಾಸ್‌ವರ್ಡ್ ಗೊತ್ತಿದ್ದರೆ ಯಾವ ಊರಿನ ಯಾವ ಕಂಪ್ಯೂಟರಿನಲ್ಲಾದರೂ ತೆಗೆದು ಓದಬಹುದು. ಇಷ್ಟೇ.

ಚೀಟಿ ಕೊಟ್ಟೆ. ಟಪಾಲು ಬಂದಿತ್ತು. ಬಂದು ಎಂಟು ದಿನವಾಗಿತ್ತು. ಇಂಟರ್‌ವ್ಯೂ ಹಿಂದಿನ ದಿನವೇ ಮುಗಿದಿತ್ತು.

ವಿಜಾಪುರದ ರಸ್ತೆಗೆ ಹನಿ ನೀರೂ ಬಂದಿರಲಿಲ್ಲ. ಬಸ್ಸುಗಳು ದಿನಾ ಓಡುತ್ತಿದ್ದವು. ಈ ಕ್ಲಾಸು ನಮ್ಮ ಮನೆಯಿಂದ ನಾಲ್ಕು ಹೆಜ್ಜೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ? ಹಾಳಾದ ಹೊಳಿ, ಎಂಥಾ ಕೆಲಸ ಮಾಡ್ತು ನೋಡು ಅಂದೆ.

ಸುನಂದಾ ಅಳಲಿಲ್ಲ. ಪಾಸ್‌ವರ್ಡ್ ಬದಲಿ ಮಾಡೂದು ಹ್ಯಾಂಗ್ರಿ ಅಂತ ಮೇಡಂಗೆ ಕೇಳಿದಳು. ಅಲ್ಲೇ ಕೂತು ತಾನೇ ಬದಲಿಸಿದಳು. ಚೀಟಿ ಹರಿದು ಹಾಕಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನ ಕಡೆ ತಿರುಗಿದಳು.

"ಅಣ್ಣಾ, ಹೊಳಿಗ್ಯಾಕ ಬೈತಿ? ಚೀಟಿ ಯಾರ ಕಿಸೇದಾಗ ಇತ್ತು?"