ಕೆಮ್ಮು ಮುಚ್ಚಿಟ್ಟ ದರ್ಜಿ ಅಕ್ಕ

ನಮ್ಮ ಬೀದಿಯ ದರ್ಜಿ ಅಕ್ಕನ ಬೆರಳುಗಳು ಬೆಳಗಾದರೆ ಸೆಟೆದುಕೊಳ್ಳುತ್ತಿದ್ದವು. "ನಿಮ್ಮ ಮೈಯ ಕಾವಲುಗಾರರಿಗೆ ಕಳ್ಳ ಬಂದ ಅಂತ ಸುಳ್ಳು ಸುದ್ದಿ ಹೋಗ್ತಾನೇ ಇದೆ. ಅವರು ನಿಮ್ಮ ಕೀಲನ್ನೇ ಹೊಡೀತಿದ್ದಾರೆ," ಎಂದರು ಡಾಕ್ಟರು. ಜೀವಕೋಶದೊಳಗೆ ಆ ಸುದ್ದಿ ಸಾಗುವ ದಾರಿಯನ್ನು ತಡೆಯುವ ಮಾತ್ರೆ ನುಂಗಿ ಅಕ್ಕ ಮತ್ತೆ ಕತ್ತರಿ ಹಿಡಿದಳು. ಆದರೆ ಆ ಮಾತ್ರೆಯಿಂದಾಗಿ ನಿಜವಾದ ಕಳ್ಳ, ಅಂದರೆ ರೋಗಾಣು, ಬಂದಾಗಲೂ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಜ್ವರ, ಕೆಮ್ಮು ಬಂದರೆ ಕೂಡಲೇ ತಿಳಿಸಬೇಕೆಂದು ಡಾಕ್ಟರು ಹೇಳಿದ್ದರು.

ಕೆಮ್ಮು ಬಂತು. ಹೇಳಿದರೆ ಮಾತ್ರೆ ನಿಲ್ಲಿಸುತ್ತಾರೆಂದು ಹೆದರಿ, ಕೆಮ್ಮಿದಾಗಲೆಲ್ಲ ಅಕ್ಕ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದಳು.

"ಬಟ್ಟೇನೇ ಇಲ್ಲ, ಗಾಳಿಗೆ ಅಂಗಿ ಹೊಲೀತೀರಾ ಅತ್ತಿಗೆ?" ಎಂದು ನಾದಿನಿ ಒಳಬಂದು ಹಣೆ ಮುಟ್ಟಿದಳು. ಕೆಂಡದಂತೆ ಸುಡುತ್ತಿತ್ತು.

"ಮಾತ್ರೆ ಬಿಟ್ರೆ ಕೈ ಹೋಗುತ್ತೆ ಕಣೇ."

"ಬಿಡದಿದ್ರೆ ನೀವೇ ಹೋಗ್ತೀರಿ. ಏಳಿ."

ಡಾಕ್ಟರು ಪರೀಕ್ಷಿಸಿದಾಗ ಸೋಂಕು ಶ್ವಾಸಕೋಶಕ್ಕಿಳಿದಿತ್ತು. ಅದು ವಾಸಿಯಾಗುವವರೆಗೆ ಮಾತ್ರೆ ನಿಂತಿತು. ಈಗ ಕೆಮ್ಮು ಇಳಿಯುತ್ತಿದೆ, ಬೆರಳು ಬಿಗಿಯುತ್ತಿದೆ. ಗೆರೆ ಎಲ್ಲೆಂದು ಅಕ್ಕ ಕುಳಿತಲ್ಲೇ ಹೇಳುತ್ತಾಳೆ, ನಾದಿನಿ ಕತ್ತರಿಸುತ್ತಾಳೆ. "ಸೊಟ್ಟ ಹೋಯ್ತಲ್ಲೇ, ಕಣ್ಣೆಲ್ಲಿಟ್ಟಿದ್ದೀಯ!" ಎಂದು ಗದರುವಷ್ಟು ಉಸಿರನ್ನು ದೇವರು ಹಿಂದಿರುಗಿಸಿದ್ದಾನೆ.