ಕಿವಿ ಮೇಸ್ತ್ರಿಯ ಮಗಳು

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸ್ಕೂಟರ್ ರಿಪೇರಿ ಮಾಡುವವನನ್ನು ಎಲ್ಲರೂ ಕರೆಯುವುದು ಕಿವಿ ಮೇಸ್ತ್ರಿ ಎಂದೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚುತ್ತಾನೆ. ಬೇರಿಂಗ್ ಹೋಗಿದೆ ಅಂದರೆ ಹೋಗಿದೆ, ಬಿಚ್ಚಿ ನೋಡುವ ಪ್ರಮೇಯವೇ ಇಲ್ಲ. ಈ ವಿದ್ಯೆ ಕಲಿಸಿದ್ದು ಯಾರು ಎಂದು ಗಿರಾಕಿಗಳು ಕೇಳಿದರೆ "ನಮ್ಮಪ್ಪ" ಎನ್ನುತ್ತಾನೆ. ಅಪ್ಪನೂ ಮೆಕ್ಯಾನಿಕ್ಕೋ ಎಂದರೆ ಸುಮ್ಮನೆ ನಗುತ್ತಾನೆ.

ಅಪ್ಪ ಗೋದಾಮಿನ ಕಾವಲುಗಾರ. ಸಂಜೆ ಅವನ ಸೈಕಲ್ಲಿನ ಸ್ಟ್ಯಾಂಡು ಮೆಲ್ಲಗೆ ಇಳಿದರೆ ಮನೆಯಲ್ಲಿ ಊಟ, ಧಡಾರೆಂದು ಬಿದ್ದರೆ ಬೆಲ್ಟು. "ಕೇಳಿಸ್ತಾ ಮಗನೇ?" ಎಂದು ಅಮ್ಮ ಒಲೆಯ ಮುಂದಿನಿಂದಲೇ ಪಿಸುಗುಡುತ್ತಿದ್ದಳು. ಐದು ವರ್ಷದ ಕೂಸು ಮೈಯೆಲ್ಲ ಕಿವಿಯಾಗಿ ಕೂತು, ಮಂಚದ ಕೆಳಗೆ ನುಸುಳುವುದೋ ಬೇಡವೋ ಎಂದು ತೀರ್ಮಾನಿಸಬೇಕು. ಎಂಥ ಪಾಠಶಾಲೆ ನೋಡಿ. ಅಲ್ಲಿ ಫೇಲಾದರೆ ಬೆನ್ನ ಮೇಲೆ ಬಾಸುಂಡೆ.

ಹಾಗಾಗಿ ತನಗೆ ಮಗಳು ಹುಟ್ಟಿದ ದಿನವೇ ಮೇಸ್ತ್ರಿ ಪಣ ತೊಟ್ಟ: ನನ್ನ ಮಗುವಿಗೆ ನನ್ನ ಭಯ ಇರಬಾರದು. ಬದುಕಿನಲ್ಲಿ ಅವನು ಆಸೆಪಟ್ಟಿದ್ದು ಅದೊಂದನ್ನೇ. ಏಳು ವರ್ಷ ಕೈ ಎತ್ತಲಿಲ್ಲ, ಗದರಲಿಲ್ಲ. ಸಿಟ್ಟು ಬಂದರೆ ಬಾಯಿಗೆ ಬೀಗ. ಎರಡು ದಿನ, ಮೂರು ದಿನ, ಒಮ್ಮೆ ಹನ್ನೊಂದು ದಿನ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಗೋಡೆ ನೋಡುತ್ತಾ ಉಂಡ, ಗೋಡೆಗೆ ಮುಖ ಮಾಡಿ ಮಲಗಿದ. ಮಗಳು ತಾನು ಬರೆದ ಚಿತ್ರ ತಂದು ಮುಂದೆ ಹಿಡಿದರೆ, ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ಎದ್ದು ಹೋದ. ಸಿಟ್ಟು ನುಂಗಿಕೊಂಡೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ, ಪುಣ್ಯಾತ್ಮ.

ಈ ವರ್ಷ ಮಗಳಿಗೆ ಹೊಟ್ಟೆನೋವು ಶುರುವಾಯಿತು. ದಿನಾ ಸಂಜೆ ಆರು ಗಂಟೆಗೆ, ಹೇಳಿ ಕಳಿಸಿದ ಹಾಗೆ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು. ಏನೂ ಸಿಗಲಿಲ್ಲ.

"ಮನೇಲಿ ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದರು.

"ಒಂದೇ ಒಂದು ಏಟು ಹೊಡೆದವನಲ್ಲ ಮೇಡಂ ನಾನು."

"ನಾನು ಹೊಡೆತದ ವಿಷಯ ಕೇಳ್ಲಿಲ್ವಲ್ಲ," ಎಂದರು ಅವರು. ಮೇಸ್ತ್ರಿಯ ತಲೆಗೆ ಅದು ಹೋಗಲಿಲ್ಲ.

ಗಾಡಿ ಸದ್ದು ಮಾಡುವಾಗಲೇ ಅದರ ಪಕ್ಕದಲ್ಲಿರಬೇಕು ಎಂಬುದು ಅವನ ಕಸುಬಿನ ಲೆಕ್ಕಾಚಾರ. ನೋವು ಬರುವ ಹೊತ್ತಿಗೆ ತಾನೇ ಇದ್ದು ನೋಡೋಣವೆಂದು ಮರುದಿನ ಅಂಗಡಿಯಿಂದ ಮಾಮೂಲಿಗಿಂತ ಅರ್ಧ ಗಂಟೆ ಮೊದಲೇ ಹೊರಟ. ತನ್ನ ಸ್ಕೂಟರನ್ನು ಗಿರಾಕಿಯೊಬ್ಬ ಎರವಲು ಒಯ್ದಿದ್ದರಿಂದ ನಡೆದೇ ಬಂದ. ಬಾಗಿಲ ಪಕ್ಕದ ಕಿಟಕಿಯಿಂದ ಒಳಗೆ ಇಣುಕಿದವನ ಕಾಲು ಅಲ್ಲೇ ನಿಂತಿತು.

ಮಗಳು ಮುಚ್ಚಿದ ಬಾಗಿಲ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಉದ್ದನೆಯ ಚಮಚದ ಒಂದು ತುದಿಯನ್ನು ಬಾಗಿಲಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿದ್ದಳು. ಅಂಗಡಿಯಲ್ಲಿ ಅವನನ್ನು ನೋಡಿ ಕಲಿತ ವಿದ್ಯೆ.

"ಅಪ್ಪ ಗಾಡಿ ಮೆಲ್ಲಗೆ ಆಫ್ ಮಾಡಿದ್ರೆ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಚಿತ್ರ ತೋರಿಸ್ಬಹುದು."

"ಜೋರಾಗಿ ರೇಸ್ ಮಾಡಿ ಆಫ್ ಮಾಡಿದ್ರೆ?"

"ಬ್ಯಾಗ್ ತಗೊಂಡು ರೂಮಿಗೆ. ಮಾತಾಡ್ಸಬಾರ್ದು."

ಅವನು ಬಾಗಿಲು ತಳ್ಳಿದ. ಮಗಳು ಹಿಂದಕ್ಕೆ ಬಿದ್ದಳು, ಚಮಚ ನೆಲಕ್ಕುರುಳಿತು. "ಅಪ್ಪಾ, ಸದ್ದೇ ಬರ್ಲಿಲ್ಲ," ಎಂದಳು. ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಲ್ಲೇ ಒದ್ದೆ ಮಾಡಿಕೊಂಡಳು.

"ಈ ಸದ್ದಿನ ಲೆಕ್ಕ ನೀನೇ ಕಲಿಸಿದೆಯಾ?" ಎಂದು ಹೆಂಡತಿಯನ್ನು ಕೇಳಿದ.

"ಇನ್ನೇನು ಮಾಡ್ಲಿ?" ಅವಳು ಬಟ್ಟೆ ತಂದು ನೆಲ ಒರೆಸುತ್ತಾ ಹೇಳಿದಳು. "ಹನ್ನೊಂದು ದಿನ ಮಗು ನಿಮ್ಮ ಹಿಂದೆ ಅಪ್ಪ ಅಪ್ಪ ಅಂತ ಓಡಾಡ್ತು. ಆಮೇಲೆ ನನ್ನ ಹತ್ರ ಬಂದು, ಅಮ್ಮ, ನಾನು ಕಾಣಿಸ್ತೀನಾ ಅಂತ ಕೇಳ್ತು. ನೀವು ಒಂದು ಏಟು ಹೊಡೆದಿದ್ರೂ ಆ ಪ್ರಶ್ನೆ ಬರ್ತಿರ್ಲಿಲ್ಲ."

ಒಲೆಯ ಮುಂದಿನ ತನ್ನ ಅಮ್ಮನ ಪಿಸುದನಿ ಅವನಿಗೆ ನೆನಪಾಯಿತು. ಮಗಳನ್ನು ಎತ್ತಿಕೊಂಡು ಏನಾದರೂ ಹೇಳಬೇಕೆನಿಸಿತು. ಆದರೆ ಸಂಕಟವಾದಾಗ ಬಾಯಿ ಮುಚ್ಚುವುದೊಂದೇ ಅವನಿಗೆ ಗೊತ್ತಿದ್ದದ್ದು. ಮಗಳು ಅವನ ಮುಖ ಒಮ್ಮೆ ನೋಡಿ, ಬ್ಯಾಗ್ ಎತ್ತಿಕೊಂಡು ರೂಮಿಗೆ ಹೋದಳು.

ಮಾರನೆಯ ದಿನವಿಡೀ ಅವನಿಗೆ ಕೆಲಸದಲ್ಲಿ ಕೈ ಓಡಲಿಲ್ಲ. ಸಂಜೆ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ, ಎಂದಿಗಿಂತಲೂ ಮೆಲ್ಲಗೆ ಆಫ್ ಮಾಡಿದ. ಆಮೇಲೆ, ಏಳು ವರ್ಷದಲ್ಲಿ ಒಮ್ಮೆಯೂ ಮಾಡದಿದ್ದ ಕೆಲಸ ಮಾಡಿದ. ಬಾಗಿಲ ಮುಂದೆ ಬಂದು, ಹೊರಗಿನಿಂದಲೇ ಮಗಳನ್ನು ಕರೆದ.

"ಪುಟ್ಟೀ, ಅಪ್ಪ ಬಂದಿದೀನಿ. ಬಾಗಿಲು ತೆಗಿ ಕಂದಾ."

ಬಾಗಿಲು ತೆರೆಯಲಿಲ್ಲ. ಚಮಚ ಮರಕ್ಕೆ ತಾಗಿದ ಸಣ್ಣ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಒಳಗಿನಿಂದ ಮಗಳ ಪಿಸುದನಿ.

"ಅಮ್ಮಾ, ಇದು ಯಾವ ಸದ್ದಮ್ಮಾ? ಇದಕ್ಕೆ ಏನ್ ಮಾಡ್ಬೇಕು?"